ಕಡಲಿನ ಮೇಲ್ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಅಳೆಯುವುದು ಹೇಗೆ?

ಕುಂಬಳೆ ಪೇಟೆಯಲ್ಲಿ ಬಿಸಿಲಿಗೆ ಕಾದ ಸೋಡಾ ಬಾಟಲಿ ತೆರೆದು ನೋಡಿ, ತಣ್ಣಗಿನದಕ್ಕಿಂತ ಜೋರಾಗಿ ಬುಸ್ಸೆನ್ನುತ್ತದೆ. ಕಡಲಿನ ಅಳತೆಯ ದೊಡ್ಡ ತೊಡಕೂ ಅದೇ: ನೀರು ಬಿಸಿಯಾದಷ್ಟೂ ಅನಿಲ ಹೊರಗೆ ನುಗ್ಗುತ್ತದೆ.

ಹಡಗಿನ ಅಡಿಭಾಗದ ಕೊಳವೆಯಿಂದ, ಸಾಮಾನ್ಯವಾಗಿ ಕೆಲವೇ ಮೀಟರ್ ಆಳದ ನೀರನ್ನು ಎಡೆಬಿಡದೆ ಎಳೆದು, ಮುಚ್ಚಿದ ಪಾತ್ರೆಯೊಳಗೆ ಶವರಿನಂತೆ ಸಿಂಪಡಿಸುತ್ತಾರೆ. ನೀರಿಗೂ ಪಾತ್ರೆಯ ಗಾಳಿಗೂ ನಡುವೆ ಅನಿಲ ಸಮತೋಲಕ್ಕೆ ಬಂದ ಮೇಲೆ, ಆ ಗಾಳಿಯ ತೇವ ತೆಗೆದು ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕು ಹಾಯಿಸುತ್ತಾರೆ. ಅನಿಲ ಹೀರಿಕೊಂಡ ಬೆಳಕಿನಿಂದಲೇ ಲೆಕ್ಕ. ನಡುನಡುವೆ ಪ್ರಮಾಣ ಗೊತ್ತಿರುವ ಅನಿಲ ಬಿಟ್ಟು ಉಪಕರಣವನ್ನು ತಾಳೆ ನೋಡುತ್ತಾರೆ.

ನೀರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅನಿಲದ ಒತ್ತಡ ಸುಮಾರು 4% ಏರುತ್ತದೆ. ಕೊಳವೆಯಲ್ಲೇ ನೀರು ಬಿಸಿಯಾಗುವುದರಿಂದ ಲೆಕ್ಕ ಸರಿಪಡಿಸಲು ಕಡಲಿನಲ್ಲೊಂದು, ಪಾತ್ರೆಯಲ್ಲೊಂದು ಥರ್ಮಾಮೀಟರ್ ಬೇಕೇ ಬೇಕು. ಬೇಕಲದ ದಂಡೆಯಿಂದ ಬಾಟಲಿಯಲ್ಲಿ ಸುಮ್ಮನೆ ತುಂಬಿ ತಂದ ನೀರು ಇದಕ್ಕೆ ಆಗದು. ಒಳಗಿನ ಸೂಕ್ಷ್ಮಜೀವಿಗಳ ಉಸಿರಾಟವೇ ಅಳತೆ ಕೆಡಿಸುತ್ತದೆ.