ಒಣಗಿದ ಸರೋವರದ ಕೆಸರಲ್ಲಿ ಮಳೆ ಲೆಕ್ಕನೂ ಇದೆ, ಭೂಕಂಪದ ಲೆಕ್ಕನೂ ಇದೆ

ಪ್ರಶ್ನೆ: ಮರುಭೂಮಿಯಲ್ಲಿ ಹಿಂದೆ ಇದ್ದ ಸರೋವರಗಳ ತಳದ ಮಣ್ಣು ನೋಡಿ ಸಾವಿರಾರು ವರ್ಷದ ಹಿಂದಿನ ಮಳೆ, ಬರ ಹೇಳ್ತಾರೆ ಅಂತ ಓದಿದೆ. ಅದೇ ಮಣ್ಣಲ್ಲಿ ಭೂಕಂಪದ ಗುರುತೂ ಇರತ್ತಂತೆ. ಯಾವುದು ಮಳೆಯಿಂದ ಆಗಿದ್ದು, ಯಾವುದು ನೆಲ ಜರುಗಿ ಆಗಿದ್ದು ಅಂತ ಹೇಗೆ ಬಿಡಿಸ್ತಾರೆ?

ಉತ್ತರ: ಆ ಕೊನೇ ಪ್ರಶ್ನೆ ಇದೆಯಲ್ಲ, ನಾವು ಜಾಸ್ತಿ ಎಡವೋದು ಅಲ್ಲೇ. ಅದಕ್ಕೆ ಆಮೇಲೆ ಬರ್ತೀನಿ, ಮೊದಲು ಮಣ್ಣು ನೋಡೋಣ.

ಮರುಭೂಮಿಯ ಸರೋವರಗಳಲ್ಲಿ ತುಂಬ ಕಡೆ ನೀರು ಹೊರಗೆ ಹೋಗೋಕೆ ದಾರಿನೇ ಇರಲ್ಲ, ಬಂದ ನೀರು ಆವಿಯಾಗೇ ಹೋಗ್ಬೇಕು, ಹಾಗಾಗಿ ಮಳೆ ಸ್ವಲ್ಪ ಏರುಪೇರಾದ್ರೂ ನೀರಿನ ಮಟ್ಟ ಸಿಕ್ಕಾಪಟ್ಟೆ ಏರಿಳಿಯತ್ತೆ. ಈಗಿನ ಮೃತ ಸಮುದ್ರದ ಜಾಗದಲ್ಲಿ ಸುಮಾರು 70,000 ವರ್ಷದ ಹಿಂದಿಂದ ಸುಮಾರು 14,000 ವರ್ಷದ ಹಿಂದಿನ ತನಕ ಲಿಸಾನ್ ಅನ್ನೋ ಸರೋವರ ಇತ್ತು, ಅದು ತುಂಬಿದ್ದಾಗ ನೀರು ಇವತ್ತಿನ ಮಟ್ಟಕ್ಕಿಂತ 250 ಮೀಟರಿಗೂ ಮೇಲಿತ್ತು.

ಆ ಲಿಸಾನ್ ಮಣ್ಣಿನ ಒಂದು ಗೋಡೆನ ಹತ್ತಿರದಿಂದ ನೋಡಿದ್ರೆ ಒಂದು ಬಿಳಿ ಗೆರೆ, ಒಂದು ಕಪ್ಪು ಗೆರೆ, ಮತ್ತೆ ಬಿಳಿ, ಮತ್ತೆ ಕಪ್ಪು, ಹೀಗೇ ಹೋಗತ್ತೆ, ಒಂದೊಂದು ಗೆರೆ ಮಿಲಿಮೀಟರ್ ಆಸುಪಾಸು. ಕಪ್ಪಿದು ಚಳಿಗಾಲದ ಮಳೆಗೆ ಪ್ರವಾಹದಲ್ಲಿ ಬಂದ ಜೇಡಿ, ಬಿಳಿದು ಬೇಸಿಗೇಲಿ ನೀರು ಆರಿದಾಗ ತಳಕ್ಕೆ ಕೂತ ಅರಗೊನೈಟ್, ಅಂದ್ರೆ ಒಂದು ಥರದ ಸುಣ್ಣ. ನೀರು ಇನ್ನೂ ಆರಿದ್ರೆ ಜಿಪ್ಸಮ್, ಅದಕ್ಕಿಂತ ಆರಿದ್ರೆ ಉಪ್ಪು. ಅಡುಗೆ ಉಪ್ಪಿನ ದಪ್ಪ ಪದರ ಕಂಡ್ರೆ ಅಲ್ಲಿ ಭಾರಿ ಬರ ಬಂದಿತ್ತು ಅಂತ್ಲೇ ಓದ್ಕೋಬೇಕು. ಇದರ ಜೊತೆ ಆಕ್ಸಿಜನ್ ಐಸೊಟೋಪ್, ಅಂದ್ರೆ ಬೇರೆ ಬೇರೆ ತೂಕದ ಆಕ್ಸಿಜನ್ ಪರಮಾಣು ಇದೆ: ಹಗುರದ ಆಕ್ಸಿಜನ್ ಇರೋ ನೀರು ಬೇಗ ಆವಿಯಾಗತ್ತೆ, ಭಾರದ್ದು ಉಳಿಯತ್ತೆ, ಆ ಅನುಪಾತ ಸುಣ್ಣದೊಳಗೆ ಸೇರ್ಕೊಂಡು ಹಾಗೇ ಇರತ್ತೆ, ಭಾರದ್ದು ಜಾಸ್ತಿ ಇದ್ರೆ ಆಗ ನೀರು ಜಾಸ್ತಿ ಆರಿತ್ತು ಅಂತ.

ಈಗ ಭೂಕಂಪ. ಅದೇ ಗೋಡೇಲಿ ನೂರಾರು ಗೆರೆ ನೀಟಾಗಿ ಬಂದು ಇದ್ದಕ್ಕಿದ್ದಂಗೆ ಒಂದು ಕಡೆ ಕೆಲವು ಸೆಂಟಿಮೀಟರ್ ದಪ್ಪಕ್ಕೆ ಎಲ್ಲ ಕಲಸಿ ಹೋಗಿರತ್ತೆ, ಗೆರೆಗಳು ಮಡಚಿ, ಮುರಿದು, ಚೂರುಚೂರಾಗಿ. ಅದರ ಮೇಲೆ ಮತ್ತೆ ನೀಟಾದ ಗೆರೆಗಳು ಏನೂ ಆಗೇ ಇಲ್ಲ ಅನ್ನೋ ಥರ ಶುರು. ಅಂದ್ರೆ ಆ ಕಲಸಿದ ಪದರ ಸರೋವರದ ತಳದಲ್ಲಿ ಇನ್ನೂ ಮೆತ್ತಗೆ ಮೇಲ್ಮೈ ಆಗಿದ್ದಾಗಲೇ ನೆಲ ಅಲ್ಲಾಡಿದೆ. ಇದು ಬರೀ ಊಹೆ ಅಲ್ಲ, ಮೃತ ಸಮುದ್ರದ ದಡದ ಇತ್ತೀಚಿನ ಕೆಸರಲ್ಲಿ ಇಂಥ ಪದರಗಳನ್ನ ಕ್ರಿ.ಪೂ. 31, 1927ರಂಥ ಗೊತ್ತಿರೋ ಭೂಕಂಪಗಳ ಜೊತೆ ಹೊಂದಿಸಿ ನೋಡಿದ್ದಾರೆ.

ಆದ್ರೆ ಇದು ನೆಲ ಅಲುಗಾಡ್ತು ಅಂತ ಮಾತ್ರ ಹೇಳತ್ತೆ, ಯಾವ ಫಾಲ್ಟ್, ಅಂದ್ರೆ ನೆಲ ಜರುಗೋ ಯಾವ ದೊಡ್ಡ ಬಿರುಕು ಅಂತಲ್ಲ. ಅದಕ್ಕೆ ಫಾಲ್ಟಿಗೆ ಅಡ್ಡಲಾಗಿ ಕಂದಕ ತೋಡ್ಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ಕಹುಯಿಲಾ ಸರೋವರದ ಕೆಸರಲ್ಲಿ ಸ್ಯಾನ್ ಆಂಡ್ರಿಯಾಸ್ ಫಾಲ್ಟ್ ಮೇಲೆ ಹಿಂಗೇ ತೋಡಿದ್ದಾರೆ. ಬಿರುಕು ಯಾವ ಪದರದವರೆಗೆ ಕತ್ತರಿಸಿಕೊಂಡು ಬಂದು ನಿಂತಿದೆ ಅನ್ನೋದೇ ಮುಖ್ಯ, ಕತ್ತರಿಸಿದ ಪದರಕ್ಕಿಂತ ಆಮೇಲೆ, ಕತ್ತರಿಸದೆ ಉಳಿದ ಪದರಕ್ಕಿಂತ ಮುಂಚೆ ಭೂಕಂಪ ಆಗಿದೆ. ಸ್ಯಾನ್ ಆಂಡ್ರಿಯಾಸಿನ ದಕ್ಷಿಣದ ತುಂಡು ದೊಡ್ಡದಾಗಿ ಜರುಗಿ ಸುಮಾರು 300 ವರ್ಷ ಆಯ್ತು ಅನ್ನೋ ಮಾತು ಇಂಥ ಕಂದಕಗಳಿಂದ್ಲೇ ಬಂದಿದ್ದು.

ಇನ್ನೊಂದು, ನಂಗೆ ತುಂಬ ಇಷ್ಟವಾದ ವಿಷಯ. ನಿಂತ ನೀರು ಗಾರೆಯವರ ರಸಮಟ್ಟ ಇದ್ದಂಗೆ, ಹಳೇ ದಡದ ಗೆರೆ ಸುತ್ತಲೂ ಒಂದೇ ಎತ್ತರದಲ್ಲಿರ್ಬೇಕು, ಇಲ್ಲಾಂದ್ರೆ ನೆಲ ಓರೆಯಾಗಿದೆ. ಹಾಗಂತ ತಕ್ಷಣ ಫಾಲ್ಟ್ ಅಂದ್ಬಿಟ್ರೆ ಕೆಟ್ರಿ! ಅಮೆರಿಕದ ಯೂಟಾದ ಬಾನ್‌ವಿಲ್ ಸರೋವರ 300 ಮೀಟರ್ ಆಳ ಇತ್ತು, ಅದು ಬತ್ತಿದ ಮೇಲೆ ನೀರಿನ ಭಾರ ಹೋಗಿ ಮಧ್ಯದ ನೆಲ ಮೇಲಕ್ಕೆ ಉಬ್ಬಿದೆ, ಮಧ್ಯದ ದ್ವೀಪಗಳ ದಡದ ಗೆರೆಗಳು ಅಂಚಿನವಕ್ಕಿಂತ ಸುಮಾರು 70 ಮೀಟರ್ ಎತ್ತರದಲ್ಲಿವೆ. ಇದು ಭಾರದ ಕೆಲಸ ಅಂತ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 1890ರಲ್ಲೇ ಬರೆದಿಟ್ಟಿದ್ದಾರೆ.

ಸರಿ, ನಿಮ್ಮ ಪ್ರಶ್ನೆಗೆ ಬಂದೆ. ಸರೋವರ ಬತ್ತಿದ್ರೆ ಅದು ಬರನೇ ಆಗ್ಬೇಕು ಅಂತೇನಿಲ್ಲ, ಕೋಡಿ ಕೊರೆದು ಹೋಗಿರ್ಬೋದು. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಹತ್ರದ ಟೆಕೋಪಾ ಸರೋವರದಲ್ಲಿ ಅದೇ ಆಯ್ತು, ಅಮರ್ಗೋಸಾ ನದಿ ಒಂದು ಕಡೆ ದಾರಿ ಕೊರೆದು ನೀರೆಲ್ಲ ಹರಿದುಹೋಯ್ತು. ತಳ ಕುಸಿದು ಆಳವಾದ್ರೂ ನೀರು ಹೆಚ್ಚಾದಂಗೆ ಕಾಣತ್ತೆ. ಅದಕ್ಕೇ ಒಂದೇ ಸರೋವರನ ನಂಬ್ಕೊಂಡು ಮಾತಾಡ್ಬಾರದು, ಅಕ್ಕಪಕ್ಕದವನ್ನೂ ನೋಡ್ಬೇಕು: ಎಲ್ಲವೂ ಒಟ್ಟಿಗೆ ಬತ್ತಿದ್ರೆ ಹವಾಮಾನ, ಒಂದೇ ಬತ್ತಿದ್ರೆ ಆ ಒಂದರ ನೆಲ ಇಲ್ಲಾ ಕೋಡಿ.

ಒಟ್ಟಿಗೆ ಅಂತ ಹೇಳೋಕೆ ವಯಸ್ಸು ಪಕ್ಕಾ ಗೊತ್ತಿರ್ಬೇಕಲ್ಲ. ಕಾರ್ಬನ್ ಡೇಟಿಂಗ್ ಸುಮಾರು 50,000 ವರ್ಷಕ್ಕೆ ಕೈಚೆಲ್ಲತ್ತೆ. ಅದಕ್ಕಿಂತ ಹಿಂದಕ್ಕೆ ಜ್ವಾಲಾಮುಖಿ ಬೂದಿ ಸಿಕ್ಕಿದ್ರೆ ನಮಗೆ ಹಬ್ಬ, ಅದರ ವಯಸ್ಸು ಬೇರೆ ರೀತೀಲಿ ಅಳೀಬೋದು. ಟೆಕೋಪಾ ಕೆಸರಲ್ಲಿ ಅಂಥವು ಮೂರಿವೆ, ಸುಮಾರು 21 ಲಕ್ಷ, 7.6 ಲಕ್ಷ ಮತ್ತು 6.3 ಲಕ್ಷ ವರ್ಷದವು. ಬೇರೆ ಕಣಿವೇಲಿ ಅದೇ ಬೂದಿ ಸಿಕ್ಕಿದ್ರೆ ಎರಡೂ ಕಡೆ ಅದು ಒಂದೇ ಕಾಲದ್ದು, ಅಲ್ಲಿಂದ ಗೆರೆ ಹಿಡಿದು ಮೇಲಕ್ಕೂ ಕೆಳಕ್ಕೂ ಹೋಲಿಸ್ತಾ ಹೋಗ್ಬೋದು.