ಓದುಗರ ಪ್ರಶ್ನೆ: ತಾಲ್ಲೂಕಿನಲ್ಲಿ ಮಕ್ಕಳ ಮನೋವೈದ್ಯ

ಈ ಬಾರಿಯ ಪ್ರಶ್ನೆಗಳು ಹೆಚ್ಚಾಗಿ ಕಲ್ಯಾಣ ಕರ್ನಾಟಕದ ತಾಲ್ಲೂಕುಗಳಿಂದ ಬಂದಿವೆ. ಉತ್ತರದಲ್ಲಿ ಕೊಟ್ಟಿರುವ ಔಷಧದ ಪ್ರಮಾಣಗಳು ವೈದ್ಯರಿಗಾಗಿ. ಮನೆಯಲ್ಲಿ ತಾವಾಗಿಯೇ ಪ್ರಯೋಗ ಮಾಡುವುದಕ್ಕಲ್ಲ.

ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ನಮ್ಮ ಜಿಲ್ಲೆಯಲ್ಲೇ ಮಕ್ಕಳ ಮನೋವೈದ್ಯಳಾಗಿ ಕೆಲಸ ಮಾಡುವ ಆಸೆ. ಡಿಎಂ ಮಾಡಲೇಬೇಕೆ?
— ಇಂಟರ್ನ್, ಕಲಬುರಗಿ

ಮನೋವೈದ್ಯಶಾಸ್ತ್ರದ ಸ್ನಾತಕೋತ್ತರ ಪದವಿಯಾದ ಎಂಡಿ ಅಥವಾ ಡಿಎನ್‌ಬಿಗೆ 3 ವರ್ಷ ಬೇಕು. ಅದಾದ ಮೇಲೆ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಶಾಸ್ತ್ರದಲ್ಲಿ ಡಿಎಂ ಎಂಬ ಉನ್ನತ ತಜ್ಞ ಪದವಿಗೆ ಇನ್ನೂ 3 ವರ್ಷ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಡಿಎಂ ಇದೆ, ಸೀಟುಗಳು ಮಾತ್ರ ಬೆರಳೆಣಿಕೆಯಷ್ಟು. ಮುಂದೆ ಕಾಲೇಜಿನಲ್ಲಿ ಕಲಿಸಬೇಕು, ಜಿಲ್ಲೆಯ ತಂಡಗಳನ್ನು ತರಬೇತಿಗೊಳಿಸಬೇಕು ಎಂದಿದ್ದರೆ ಡಿಎಂ ಮಾಡಿ. ತಾಲ್ಲೂಕಿನಲ್ಲಿ ಮಕ್ಕಳನ್ನು ಚೆನ್ನಾಗಿ ನೋಡುವುದಕ್ಕೆ ಎಂಡಿ ಸಾಕು, ಆ ಮೂರು ವರ್ಷವನ್ನು ಸರಿಯಾಗಿ ಬಳಸಿಕೊಂಡರೆ.

ಸರಿಯಾಗಿ ಎಂದರೆ ಹೇಗೆ? ಎಂಡಿ ಓದುವಾಗ 3 ತಿಂಗಳ ಜಿಲ್ಲಾ ರೆಸಿಡೆನ್ಸಿ, ಅಂದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ, ಕಡ್ಡಾಯ. ಹಲವರು ಅದನ್ನು ರಜೆಯಂತೆ ಕಳೆದುಬಿಡುತ್ತಾರೆ. ನೀವು ಆ ದಿನಗಳಲ್ಲಿ ಅಲ್ಲಿ ಬೆಳವಣಿಗೆ ಹಿಂದುಳಿದ ಮಕ್ಕಳನ್ನು ನೋಡುವ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತುಕೊಳ್ಳಿ. ಫಿಸಿಯೋಥೆರಪಿಸ್ಟ್ ಮಗುವಿನ ಕೈಕಾಲು ಹಿಡಿದು ಏನು ನೋಡುತ್ತಾರೆ, ಆಡಿಯಾಲಜಿಸ್ಟ್ ಕಿವಿಯ ಪರೀಕ್ಷೆ ಹೇಗೆ ಮಾಡುತ್ತಾರೆ ಎಂಬುದನ್ನು ಕಣ್ಣಾರೆ ನೋಡಿ. ಮಕ್ಕಳ ವಿಭಾಗದ ಫಿಟ್ಸ್ ಕ್ಲಿನಿಕ್ ತಪ್ಪಿಸಬೇಡಿ. ಮುಖ್ಯವಾಗಿ, ಬುದ್ಧಿಮಟ್ಟದ ಪರೀಕ್ಷೆ ಸೈಕಾಲಜಿಸ್ಟರ ಕೆಲಸ ಎಂದು ಬಿಡದೆ ಎರಡು ಪರೀಕ್ಷೆಗಳನ್ನು ನೀವೇ ಮಾಡಲು ಕಲಿಯಿರಿ. ಒಂದು ಸೆಗ್ವಿನ್ ಫಾರ್ಮ್ ಬೋರ್ಡ್: ಮರದ ಹಲಗೆ, ಅದರಲ್ಲಿ ಕೂರಿಸುವ 10 ಆಕಾರಗಳು, ಮೂರು ಸಲ ಮಾಡಿಸಿ ಅತಿ ಕಡಿಮೆ ಸಮಯವನ್ನು ಲೆಕ್ಕಕ್ಕೆ ಹಿಡಿಯುವುದು. ಭಾಷೆ ಬೇಡ, ಶಾಲೆಯ ಮೆಟ್ಟಿಲು ಹತ್ತದ ಮಗುವಿಗೂ ನಡೆಯುತ್ತದೆ. ಇನ್ನೊಂದು ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತೆಯ ಮಾಪಕ: ತಾನೇ ಉಣ್ಣುತ್ತದೆಯೆ, ಗುಂಡಿ ಹಾಕಿಕೊಳ್ಳುತ್ತದೆಯೆ, ಅಂಗಡಿಗೆ ಹೋಗಿ ಸಾಮಾನು ತರುತ್ತದೆಯೆ ಎಂದು ತಾಯಿಯನ್ನು ಕೇಳುತ್ತ ಹೋಗುವ 89 ಅಂಶಗಳು. ಊರಿನ ಕಡೆ ಸೈಕಾಲಜಿಸ್ಟರ ಹುದ್ದೆ ಖಾಲಿ ಇದ್ದಾಗ ನಿಮ್ಮ ಕೈ ಹಿಡಿಯುವುದು ಇವೇ.

ಹೊಸದಾಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಸೇರಿದ್ದೇನೆ. ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ನಲ್ಲಿ ಅರವತ್ತು ಜನ ಕಾಯುತ್ತಿರುತ್ತಾರೆ. ಮಕ್ಕಳಿಗೆ ಐದು ನಿಮಿಷವೂ ಸಿಗುವುದಿಲ್ಲ. ಏನು ಮಾಡಲಿ?
— ಮನೋವೈದ್ಯರು, ಯಾದಗಿರಿ ಜಿಲ್ಲೆ

ಐದು ನಿಮಿಷದಲ್ಲಿ ಮಗುವಿನ ಮನಸ್ಸನ್ನು ನೋಡಲು ಆಗುವುದಿಲ್ಲ, ಅದಕ್ಕೆ ಪ್ರಯತ್ನವನ್ನೂ ಮಾಡಬೇಡಿ. ತಿಂಗಳಲ್ಲಿ ಒಂದು ಮಂಗಳವಾರದ ಮಧ್ಯಾಹ್ನವನ್ನು ಮಕ್ಕಳಿಗೆಂದೇ ಮೀಸಲಿಡಿ. ಆಶಾ ಕಾರ್ಯಕರ್ತೆಯರಿಗೂ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಕ್ಕೂ ಆ ದಿನವನ್ನು ತಿಳಿಸಿ. ಆ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಹೇಗೂ ಹೋಗುತ್ತದೆ. ಮಾತು ಬಾರದ, ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷ ಕಳೆದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸದ ಮಕ್ಕಳ ಪಟ್ಟಿ ಅವರಿಂದಲೇ ಬರಲಿ. ಹೊಸ ಮಗುವಿಗೆ 40 ನಿಮಿಷ, ಹಳೆಯ ಮಗುವಿಗೆ 15. ಒಂದು ಮಧ್ಯಾಹ್ನಕ್ಕೆ ಮೂರು ಹೊಸ ಮಕ್ಕಳು, ನಾಲ್ಕು ಹಳೆಯ ಮಕ್ಕಳು. ಅದಕ್ಕಿಂತ ಹೆಚ್ಚು ಹಿಡಿದರೆ ಮತ್ತೆ ಐದು ನಿಮಿಷಕ್ಕೇ ಬಂದು ನಿಲ್ಲುತ್ತೀರಿ.

ಮೊದಲ ಭೇಟಿಯಲ್ಲಿ ವಯಸ್ಸನ್ನು ಖಚಿತ ಮಾಡಿಕೊಳ್ಳಿ. ಇದು ಸಣ್ಣ ವಿಷಯವಲ್ಲ. ಮಗುವಿನ ಮಾನಸಿಕ ವಯಸ್ಸು 5, ನಿಜವಾದ ವಯಸ್ಸು 8 ಆಗಿದ್ದರೆ ಬುದ್ಧಿಮಟ್ಟದ ಅಂಕ (ಐಕ್ಯೂ) 62 ಬರುತ್ತದೆ. ಶಾಲೆಯ ದಾಖಲೆಯಲ್ಲಿ 6 ಎಂದಿದ್ದು ಅದನ್ನೇ ನಂಬಿದರೆ 83 ಬರುತ್ತದೆ, ಮಗುವಿಗೆ ಸಿಗಬೇಕಾದ ಸೌಲಭ್ಯ ಕೈತಪ್ಪುತ್ತದೆ. ತಾಯಿ ಕಾರ್ಡ್ ಕೇಳಿ. ಅದಿಲ್ಲದಿದ್ದರೆ ಅಣ್ಣ ತಮ್ಮಂದಿರ ವಯಸ್ಸು, ಹುಟ್ಟಿದ ವರ್ಷದ ಜಾತ್ರೆ, ನೆರೆ, ಬರ, ಇವುಗಳ ಜೊತೆ ತಾಳೆ ಹಾಕಿ.

ಆಮೇಲೆ ಕಿವಿ. ಮಾತು ತಡವಾದ ಯಾವ ಮಗುವಿಗೂ ಶ್ರವಣ ಪರೀಕ್ಷೆ ಆಗುವವರೆಗೆ ಆಟಿಸಂ ಎಂಬ ಪದ ಬಳಸಬೇಡಿ. ವರ್ಷಗಟ್ಟಲೆ ಕಿವಿ ಸೋರುತ್ತಿದ್ದ ಮಗು ತರಗತಿಯಲ್ಲಿ 'ದಡ್ಡ' ಎನಿಸಿಕೊಂಡು ಮನೋವೈದ್ಯರ ಬಳಿ ಬರುವುದು ಅಪರೂಪವೇನಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಕುಟುಂಬಗಳಲ್ಲಿ ಹುಟ್ಟು ಕಿವುಡು, ಬೌದ್ಧಿಕ ಕೊರತೆ ಎರಡರ ಸಾಧ್ಯತೆಯೂ ಹೆಚ್ಚು, ಹಾಗಾಗಿ ರಕ್ತಸಂಬಂಧದ ಮದುವೆಯೇ ಎಂದು ಕೇಳಿ. ಕೇಳುವ ದನಿಯಲ್ಲಿ ಆಪಾದನೆ ಇರಬಾರದು. ಆ ತಾಯಿ ಮನೆಯಲ್ಲಿ ಅದನ್ನು ಆಗಲೇ ಸಾಕಷ್ಟು ಕೇಳಿಸಿಕೊಂಡಿರುತ್ತಾಳೆ. ಥೈರಾಯ್ಡ್, ಹಿಮೋಗ್ಲೋಬಿನ್, ತಲೆಯ ಸುತ್ತಳತೆ, ತೂಕ, ಎತ್ತರ ಎಲ್ಲವೂ ಮೊದಲ ದಿನವೇ ಆಗಲಿ.

'ಮೈಮೇಲೆ ಬರುತ್ತದೆ', 'ಶಾಲೆಯಲ್ಲಿ ಬೀಳುತ್ತಾಳೆ' ಎಂದು ಕರೆತಂದರೆ ಬೀಳುವಾಗಿನ ಮೊಬೈಲ್ ವಿಡಿಯೋ ತರಲು ಹೇಳಿ. ಕಣ್ಣು ಬಿಗಿಯಾಗಿ ಮುಚ್ಚಿ ಹತ್ತಿಪ್ಪತ್ತು ನಿಮಿಷ ನಡೆದರೆ, ತಲೆ ಅತ್ತಿತ್ತ ಆಡುತ್ತಿದ್ದರೆ ಅದು ಮೂರ್ಛೆ ರೋಗ ಅಲ್ಲದಿರುವ ಸಾಧ್ಯತೆ ಹೆಚ್ಚು. ಕಣ್ಣು ತೆರೆದೇ ಇದ್ದು, ನಾಲಿಗೆಯ ಅಂಚು ಕಚ್ಚಿಕೊಂಡು, ಒಂದೆರಡು ನಿಮಿಷದಲ್ಲಿ ನಿಂತು ಆಮೇಲೆ ಮಂಪರು ಕವಿದರೆ ಫಿಟ್ಸ್ ಎಂದೇ ಹಿಡಿಯಿರಿ. ಎರಡೂ ಒಬ್ಬಳಲ್ಲೇ ಇರಬಹುದು. ಮನೆಯವರನ್ನು ಹೊರಗೆ ಕೂರಿಸಿ, ನರ್ಸ್ ಜೊತೆಗಿರುವಂತೆ ನೋಡಿಕೊಂಡು, ಹುಡುಗಿಯೊಂದಿಗೆ ಮಾತಾಡಿ. ಮನೆಯಲ್ಲಿ ಮದುವೆಯ ಮಾತು ನಡೆದಿದೆಯೆ, ಶಾಲೆ ಬಿಡಿಸುವ ಮಾತಿದೆಯೆ ಎಂದು ಕೇಳಿ. ಪೂಜಾರಿಯ ಬಳಿ ಹೋದದ್ದಕ್ಕೆ ಬೈದರೆ ಮುಂದಿನ ಸಲ ಬರುವುದಿಲ್ಲ. 'ಅದೂ ಇರಲಿ, ಮಾತ್ರೆ ಬಿಡಬೇಡಿ' ಎಂದರೆ ಬರುತ್ತಾರೆ.

ನಿಮ್ಮ ಕಡೆಯ ದೊಡ್ಡ ತೊಡಕು ಗುಳೆ. ಸುಗ್ಗಿ ಮುಗಿದ ಮೇಲೆ ಕುಟುಂಬ ಬೆಂಗಳೂರಿಗೋ ಪುಣೆಗೋ ಹೊರಟರೆ ಮಾತ್ರೆ ನಿಲ್ಲುತ್ತದೆ, ಫಿಟ್ಸ್ ಔಷಧ ದಿಢೀರನೆ ನಿಂತರೆ ಜೀವಕ್ಕೇ ಅಪಾಯ. ಹೊರಡುವ ತಿಂಗಳನ್ನು ಕೇಸ್ ಶೀಟಿನ ಮೇಲೇ ಬರೆದಿಡಿ. ಎರಡು ತಿಂಗಳ ಮಾತ್ರೆ ಕೊಡಿ. ಔಷಧದ ಹೆಸರು ಮತ್ತು ಪ್ರಮಾಣ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಅದರ ಮೇಲೇ ದೊಡ್ಡದಾಗಿ ಬರೆಯಿರಿ, ಕನ್ನಡದಲ್ಲೂ ಮಾತಾಡಬಹುದು ಎಂದು ತಿಳಿಸಿ.

ಆಟಿಸಂ ಇರುವ ಮಗುವನ್ನು 80 ಕಿಲೋಮೀಟರ್ ದೂರದ ಥೆರಪಿಗೆ ವಾರಕ್ಕೆರಡು ಸಲ ಕರೆದೊಯ್ಯಿರಿ ಎನ್ನುವುದು ಕೂಲಿ ಮಾಡುವವರಿಗೆ ಕೊಡುವ ಸಲಹೆಯಲ್ಲ. ಪ್ರತಿ ಭೇಟಿಯಲ್ಲೂ ಎರಡೇ ಎರಡು ಕೆಲಸ ಕಲಿಸಿ. ರೊಟ್ಟಿಗಾಗಿ ಮಗು ಕೈ ಎಳೆದಾಗ ಕೂಡಲೇ ಕೊಡದೆ ಐದು ಎಣಿಸುವಷ್ಟು ಕಾಯುವುದು, ಅದು ಮುಖ ನೋಡಿದರೆ ಅಥವಾ ಸದ್ದು ಮಾಡಿದರೆ ತಕ್ಷಣ ಕೊಟ್ಟು 'ರೊಟ್ಟಿ' ಎನ್ನುವುದು. ತಾಯಿ ನಿಮ್ಮೆದುರೇ ಒಮ್ಮೆ ಮಾಡಿ ತೋರಿಸಲಿ. ಬರೀ ಬಾಯಲ್ಲಿ ಹೇಳಿದ್ದು ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಮರೆತುಹೋಗಿರುತ್ತದೆ.

ಏಳು ವರ್ಷದ ಹುಡುಗ, 20 ಕೆ.ಜಿ. ಎರಡನೇ ವಯಸ್ಸಿನಿಂದ ಫಿಟ್ಸ್‌ಗೆ ಫೀನೋಬಾರ್ಬಿಟೋನ್ ಕೊಡುತ್ತಿದ್ದಾರೆ. ಒಂದು ಕ್ಷಣವೂ ಕೂರುವುದಿಲ್ಲ. ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಇರಬಹುದೆಂದು ಅದರ ಔಷಧ ಮಿಥೈಲ್‌ಫೆನಿಡೇಟ್ ಬರೆದರೆ ಇಡೀ ತಾಲ್ಲೂಕಿನಲ್ಲಿ ಎಲ್ಲೂ ಸಿಗಲಿಲ್ಲ.
— ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಲಿಂಗಸುಗೂರು ತಾಲ್ಲೂಕು

ಮೊದಲ ಅನುಮಾನ ಫೀನೋಬಾರ್ಬಿಟೋನ್ ಮೇಲೇ ಇರಲಿ. ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಎಷ್ಟೋ ಮಕ್ಕಳಲ್ಲಿ ಚಡಪಡಿಕೆ, ಸಿಡುಕು, ಗಮನದ ಕೊರತೆ ತರುತ್ತದೆ. ಥಟ್ಟನೆ ನಿಲ್ಲಿಸಬೇಡಿ, ಸತತ ಫಿಟ್ಸ್ ಬರಬಹುದು. ಎರಡು ವರ್ಷಕ್ಕೂ ಹೆಚ್ಚು ಕಾಲ ಫಿಟ್ಸ್ ಬಾರದಿದ್ದರೆ ಔಷಧವೇ ಬೇಕಿಲ್ಲದಿರಬಹುದು. ಮಕ್ಕಳ ತಜ್ಞರೊಂದಿಗೆ ಮಾತಾಡಿ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ನಿಧಾನವಾಗಿ ಇಳಿಸಿ. ಫಿಟ್ಸ್ ಇನ್ನೂ ಬರುತ್ತಿದ್ದರೆ ಅದರ ಬಗೆಯನ್ನು ನೋಡಿ ಬದಲಿ ಆರಿಸಿ. ದೃಷ್ಟಿ ನೆಟ್ಟು ಕ್ಷಣಕಾಲ ನಿಂತುಬಿಡುವ ಬಗೆಗೆ ಕಾರ್ಬಮಜೆಪೀನ್ ಕೊಟ್ಟರೆ ಹೆಚ್ಚಾಗುತ್ತದೆ.

ಬದಲಿಸಿದ ಮೇಲೂ ಮನೆ, ಶಾಲೆ ಎರಡೂ ಕಡೆ ಅದೇ ಚಡಪಡಿಕೆ ಇದ್ದರೆ ಆಗ ಎಡಿಎಚ್‌ಡಿ. ಮಿಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಔಷಧ. ಪ್ರತ್ಯೇಕ ಪರವಾನಗಿ ಇರುವ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಚೀಟಿ ಎರಡು ಪ್ರತಿ ಬೇಕು. ಜಿಲ್ಲಾ ಕೇಂದ್ರದಲ್ಲಿ ಯಾವ ಅಂಗಡಿಯಲ್ಲಿದೆ ಎಂದು ಫೋನ್ ಮಾಡಿ ತಿಳಿದುಕೊಂಡೇ ಬರೆಯಿರಿ. ಸಿಗದಿದ್ದರೆ ಅಟೊಮಾಕ್ಸೆಟಿನ್: ಕೆ.ಜಿ.ಗೆ 0.5 ಮಿ.ಗ್ರಾಂ.ನಂತೆ ಈ ಹುಡುಗನಿಗೆ 10 ಮಿ.ಗ್ರಾಂ.ನಿಂದ ಶುರು, ಊಟದ ನಂತರ. ಹೊಂದಿಕೊಂಡರೆ ಕೆಲ ದಿನಗಳ ಮೇಲೆ 18, ಆಮೇಲೆ 25ರವರೆಗೆ. ಗುಣ ಕಾಣಲು 4ರಿಂದ 6 ವಾರ ಬೇಕು. ಇದನ್ನು ಮೊದಲೇ ಹೇಳದಿದ್ದರೆ ಹತ್ತನೇ ದಿನ ನಿಲ್ಲಿಸಿಬಿಡುತ್ತಾರೆ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣವಾದರೆ, ಸಾಯುವ ಮಾತಾಡಿದರೆ ಕೂಡಲೇ ಕರೆತರಲು ತಿಳಿಸಿ. ತೂಕ, ನಾಡಿ, ಬಿ.ಪಿ. ಪ್ರತಿ ಭೇಟಿಯಲ್ಲೂ ದಾಖಲಾಗಲಿ.

ಹದಿನಾರು ವರ್ಷದ ಹುಡುಗಿಗೆ ಮದುವೆಯಾಗಿದೆ, ಮೂರು ತಿಂಗಳ ಗರ್ಭಿಣಿ. ಸಾಯುವ ಮಾತಾಡುತ್ತಾಳೆ. 'ಪೊಲೀಸರಿಗೆ ಹೇಳಬೇಡಿ ಡಾಕ್ಟ್ರೇ' ಎಂದು ಮನೆಯವರು ಕಾಲು ಹಿಡಿಯುತ್ತಾರೆ.
— ವೈದ್ಯೆ, ಕೊಪ್ಪಳ ಜಿಲ್ಲೆ

ತಿಳಿಸಲೇಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಮದುವೆಯಾಗಿದೆ ಎಂಬ ಕಾರಣಕ್ಕೆ ವಿನಾಯಿತಿ ಕೊಡುವುದಿಲ್ಲ. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಶಿಕ್ಷೆ. ಗರ್ಭಪಾತಕ್ಕಾಗಿ ಬಂದಾಗ, ಹುಡುಗಿ ಮತ್ತು ಪೋಷಕರು ಕೋರಿದರೆ, ವರದಿಯಲ್ಲಿ ಆಕೆಯ ಗುರುತು ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಅದನ್ನು ಅವರಿಗೆ ತಿಳಿಸಿ.

ಆದರೆ ಕಾನೂನಿನ ಹಾಳೆ ತುಂಬಿದ ಮಾತ್ರಕ್ಕೆ ಹುಡುಗಿ ಉಳಿಯುವುದಿಲ್ಲ. ಮೊದಲು ಅವಳಿಗೇ, ಒಬ್ಬಳಿಗೇ, ಮುಂದೆ ಏನಾಗುತ್ತದೆ ಎಂದು ಹೇಳಿ: ಯಾರು ಬರುತ್ತಾರೆ, ಏನು ಕೇಳುತ್ತಾರೆ, ನೀವು ಎಲ್ಲಿರುತ್ತೀರಿ. ಘಟನೆಯನ್ನು ಮತ್ತೆ ಮತ್ತೆ ಹೇಳಿಸಬೇಡಿ, ಅವಳ ಮಾತನ್ನು ಅವಳ ಶಬ್ದಗಳಲ್ಲೇ ಬರೆದಿಡಿ. ಸಾಯುವ ಯೋಚನೆ ಎಷ್ಟು ಸಲ ಬರುತ್ತದೆ, ದಾರಿ ಯೋಚಿಸಿದ್ದಾಳೆಯೆ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹತ್ತಿ, ತೊಗರಿಗೆ ಹೊಡೆಯುವ ಕ್ರಿಮಿನಾಶಕದ ಡಬ್ಬಿ ಮನೆಯೊಳಗಿದ್ದರೆ ಇವತ್ತೇ ಹೊರಗೆ ಹೋಗಿ ಬೀಗದಲ್ಲಿರಬೇಕು. ಈ ಒಂದು ಕೆಲಸವನ್ನು ಮಾಡಿಸದೆ ಅವರನ್ನು ಬೀಳ್ಕೊಡಬೇಡಿ. ಮಾತ್ರೆ ಕೊಟ್ಟರೆ ವಾರಕ್ಕಾಗುವಷ್ಟು ಮಾತ್ರ, ಅದೂ ದೊಡ್ಡವರ ಕೈಯಲ್ಲಿ. ದಾಖಲಿಸಬೇಕಾಗಿ ಬಂದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ವಯಸ್ಕರಿಂದ ಬೇರೆಯಾದ ವಾರ್ಡ್ ಇರಬೇಕು, ನಂಬಿಕೆಯ ಹೆಂಗಸೊಬ್ಬರು ಪೂರ್ತಿ ಸಮಯ ಜೊತೆಗಿರಬೇಕು, 72 ಗಂಟೆಯೊಳಗೆ ಆ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು.

ನಾಲ್ಕನೇ ತರಗತಿಯ ಹುಡುಗಿ ಒತ್ತಕ್ಷರ ಬಿಡುತ್ತಾಳೆ, ದೀರ್ಘ ಹಾಕುವುದಿಲ್ಲ. ಮನೆಮಾತು ಲಂಬಾಣಿ. ಡಿಸ್ಲೆಕ್ಸಿಯಾ (ಓದು ಬರಹದ ಕಲಿಕೆಯ ನ್ಯೂನತೆ) ಪ್ರಮಾಣಪತ್ರ ಮಾಡಿಸಬಹುದೆ?
— ಶಿಕ್ಷಕರು, ವಿಜಯಪುರ ಜಿಲ್ಲೆ

ಈಗಲೇ ಬೇಡ. ಮನೆಯಲ್ಲಿ ಕೇಳದ ಭಾಷೆಯಲ್ಲಿ ಓದುವ ಮಗು ತಡವರಿಸುವುದು ಸಹಜ. ಕಲಿಯಲು ಅವಕಾಶವೇ ಸಿಗದಿದ್ದನ್ನು ಕಲಿಕೆಯ ನ್ಯೂನತೆ ಎನ್ನಲಾಗದು. ಎರಡು ವರ್ಷದ ಹಾಜರಾತಿ ತೆಗೆದು ನೋಡಿ, ಕಣ್ಣು ಕಿವಿ ಪರೀಕ್ಷೆ ಮಾಡಿಸಿ, ದಿನಕ್ಕೆ 20 ನಿಮಿಷದಂತೆ ಆರು ತಿಂಗಳು ಕಾಗುಣಿತ, ಒತ್ತಕ್ಷರ ಪ್ರತ್ಯೇಕವಾಗಿ ಕಲಿಸಿ. ಜೊತೆಯ ಲಂಬಾಣಿ ಮಕ್ಕಳು ಮುಂದೆ ಹೋಗಿ ಇವಳೊಬ್ಬಳೇ ಹಿಂದುಳಿದರೆ, ಬಾಯಿಲೆಕ್ಕದಲ್ಲಿ ಚುರುಕಿದ್ದೂ ಓದುವಾಗ ಮಾತ್ರ ನಿಂತುಬಿಟ್ಟರೆ, ಆಗ ಕಳಿಸಿ. ಬರುವಾಗ ಆರು ತಿಂಗಳ ನೋಟ್‌ಬುಕ್ಕುಗಳು ಮತ್ತು ಹಾಜರಾತಿಯ ಪ್ರತಿ ಜೊತೆಗಿರಲಿ.