ತಿಂಗಳುಗಟ್ಟಲೆ ಕಿಬ್ಬೊಟ್ಟೆ ನೋವಿದ್ದರೆ ವಾರ್ಡ್ ಡ್ಯೂಟಿ ನಿಭಾಯಿಸುವುದು ಹೇಗೆ?

ನರ್ಸ್ ಕೆಲಸ, ಎಂಟು ತಿಂಗಳಿಂದ ಕಿಬ್ಬೊಟ್ಟೆ ನೋವು, ಸ್ಕ್ಯಾನ್ ನಾರ್ಮಲ್, ಡ್ಯೂಟಿ ಬಿಡುವಂತಿಲ್ಲ ಎಂದು ಬರೆದಿದ್ದೀರಿ. ಸ್ಕ್ಯಾನ್ ನಾರ್ಮಲ್ ಬಂತೆಂದರೆ ನಿಮ್ಮ ನೋವು ಸುಳ್ಳು ಎಂದಲ್ಲ. ಮುಟ್ಟಾಗುವ ವಯಸ್ಸಿನ ಸುಮಾರು 10% ಹೆಂಗಸರಿಗಿರುವ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ತೊಂದರೆ) ಎಷ್ಟೋ ಸಲ ಅಲ್ಟ್ರಾಸೌಂಡಿನಲ್ಲಿ ಕಾಣುವುದೇ ಇಲ್ಲ.

6 ತಿಂಗಳು ದಾಟಿದ ನೋವಿನಲ್ಲಿ ಸ್ನಾಯುಗಳೂ ಸೇರಿಕೊಂಡಿರಬಹುದು. ನೋವಿಗೆ ಹೆದರಿ ಗೊತ್ತಿಲ್ಲದೆಯೇ ಕೆಳಹೊಟ್ಟೆ ಬಿಗಿಹಿಡಿದಿರುತ್ತೇವೆ. ರೋಗಿಯನ್ನು ಹಾಸಿಗೆಯಲ್ಲಿ ಮೇಲೆಳೆಯುವಾಗ ಉಸಿರು ಕಟ್ಟಿದರೆ ಒತ್ತಡ ಇನ್ನೂ ಹೆಚ್ಚು. ಎಳೆಯುವಾಗಲೇ ಉಸಿರು ಬಿಡಿ. ಆಗಾಗ ಡ್ರಗ್ ಟ್ರಾಲಿ ಪಕ್ಕ ನಿಂತೇ ಹೊಟ್ಟೆ ಸಡಿಲಬಿಟ್ಟು ನಾಲ್ಕೈದು ಸಲ ನಿಧಾನವಾಗಿ ಉಸಿರಾಡಿ. ಮೂತ್ರ ತಡೆಯಬೇಡಿ, ದಯವಿಟ್ಟು. ಯಾರೋ ಹೇಳಿದರೆಂದು ಕೆಗೆಲ್ ವ್ಯಾಯಾಮ (ಮೂತ್ರ ತಡೆಯುವಾಗಿನಂತೆ ಸ್ನಾಯು ಬಿಗಿಹಿಡಿದು ಬಿಡುವುದು) ಶುರುಮಾಡಬೇಡಿ: ಸ್ನಾಯು ಮೊದಲೇ ಬಿಗಿದಿದ್ದರೆ ನೋವು ಏರಬಹುದು. ಪೆಲ್ವಿಕ್ ಫ್ಲೋರ್ (ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳು) ಬಲ್ಲ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸುವ ಆಸೆ ಬೇಡ; ಮರುದಿನ ಏಳಲಾಗದಂತೆ ಆಗುತ್ತದೆ. ಮುಟ್ಟಿನ ತಾರೀಖು, ಶಿಫ್ಟ್, ನೋವಿನ ಮಟ್ಟ ಬರೆದಿಟ್ಟು ಸ್ತ್ರೀರೋಗ ತಜ್ಞರಿಗೆ ತೋರಿಸಿ. ನೋವಿನ ಜೊತೆ ಜ್ವರ, ತಲೆಸುತ್ತು ಬಂದರೆ, ಅಥವಾ ಮುಟ್ಟು ತಪ್ಪಿದ ಮೇಲೆ ಒಮ್ಮೆಲೇ ಜೋರಾದರೆ, ತಕ್ಷಣ ಆಸ್ಪತ್ರೆಗೆ ಹೋಗಿ.